ಯಾವ ಔಷಧಿ ಕುಡಿದಿದ್ದು? ವಿಷದ ಚಿಕಿತ್ಸೆ ನಿಂತಿರೋದೇ ಈ ಪ್ರಶ್ನೆ ಮೇಲೆ

ನಮ್ಮ ಹಾಸನದ ಕಡೆ ಬೆಳೆಗೆ ಹೊಡೆಯೋ ವಿಷಕ್ಕೂ ಔಷಧಿ ಅಂತೀವಿ, ಜ್ವರ ಬಂದಾಗ ಕುಡಿಯೋದಕ್ಕೂ ಔಷಧಿ ಅಂತೀವಿ. ಕರಾವಳಿ, ಮಲೆನಾಡಿನ ಕಡೆ ಎರಡಕ್ಕೂ ಮದ್ದು. ಉತ್ತರ ಕರ್ನಾಟಕದಲ್ಲಿ ಎಣ್ಣಿ ಹೊಡಿಯೂದು ಅಂತಾರೆ, ಅಲ್ಲಿ ಆಸ್ಪತ್ರೆಗೆ ಬಂದು "ಎಣ್ಣಿ ಕುಡದಾನ್ರೀ" ಅಂದ್ರೆ ಡಾಕ್ಟ್ರಿಗೆ ವಿಷ ಅಂತ ಅರ್ಥ ಆಗತ್ತೆ, ಆದ್ರೆ ಯಾವ ಎಣ್ಣಿ ಅನ್ನೋದು ಗೊತ್ತಾಗಲ್ಲ. ಆ "ಯಾವ" ಅನ್ನೋ ಒಂದು ಪದಕ್ಕೆ ಎಷ್ಟು ಬೆಲೆ ಇದೆ ಅಂತ ನನಗೂ ಮೊದಲು ಗೊತ್ತಿರಲಿಲ್ಲ, ಮನೆ ಮಗುವಿಗೆ ಆದ್ಮೇಲೆ ಗೊತ್ತಾಯ್ತು, ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ.

ಮಳೆಗಾಲ ಶುರುವಾಗೋ ಹೊತ್ತು. ನಮ್ಮ ಚಿಕ್ಕಪ್ಪನ ಮೊಮ್ಮಗ, 4 ವರ್ಷದ ಹುಡುಗ, ಪಂಪ್‌ಸೆಟ್ ಮನೆಯಲ್ಲಿದ್ದ ಜ್ಯೂಸ್ ಬಾಟ್ಲಿಯಿಂದ ಎರಡು ಗುಟುಕು ಕುಡಿದುಬಿಟ್ಟಿದ್ದ. ತೆಂಗಿನ ಬುಡಕ್ಕೆ ಗೆದ್ದಲಿಗೆ ಅಂತ ನೀರಲ್ಲಿ ಕಲಸಿದ್ದು ಸ್ವಲ್ಪ ಉಳಿದಿತ್ತು, ಚೆಲ್ಲೋದು ಯಾಕೆ ಅಂತ ಚಿಕ್ಕಪ್ಪ ಬಾಟ್ಲಿಗೆ ತುಂಬಿ ಮೂಲೇಲಿ ಇಟ್ಟಿದ್ರು. ಈ ಥರದ ಕೀಟನಾಶಕ ನೀರಿಗೆ ಬಿದ್ದ ತಕ್ಷಣ ಹಾಲಿನ ಹಾಗೆ ಬೆಳ್ಳಗಾಗತ್ತೆ, ಮಗುವಿಗೆ ಮಜ್ಜಿಗೆ ಥರ ಕಂಡಿರಬೇಕು.

ಮೊದಲ ಅರ್ಧ ಗಂಟೆ ಹುಡುಗ ಆಡ್ಕೊಂಡೇ ಇದ್ದ. ಬಾಯಿ ವಾಸನೆ ಬಂದು ಚಿಕ್ಕಮ್ಮನಿಗೆ ಗೊತ್ತಾಗಿದ್ದು, ಅಷ್ಟೊತ್ತಿಗೆ ಮನೆ ತುಂಬ ಜನ, ಒಬ್ರು ಉಪ್ಪುನೀರು ಅಂತಾರೆ, ಇನ್ನೊಬ್ರು ಹುಣಸೆಹಣ್ಣಿನ ನೀರು ಅಂತಾರೆ, ಪಕ್ಕದ ಮನೆಯವರು ಸೋಪಿನ ನೀರು ಕಲಸ್ಕೊಂಡು ಬಂದೇಬಿಟ್ರು, ಎಲ್ಲರಿಗೂ ಬೇಕಾಗಿದ್ದು ಒಂದೇ, ಹೇಗಾದ್ರೂ ವಾಂತಿ ಮಾಡಿಸಿ ವಿಷ ಆಚೆ ತೆಗೀಬೇಕು. ಪ್ರೀತಿಯಿಂದ ಮಾಡೋದು ಅದು, ಬೈಯೋಕೆ ಮನಸ್ಸು ಬರಲ್ಲ. ಆದ್ರೆ ಜೀವ ತೆಗೆಯೋ ಪ್ರೀತಿ ಅದು. ತುಂಬಾ ಕೀಟನಾಶಕಗಳಲ್ಲಿ ವಿಷದ ಜೊತೆ ಸೀಮೆಎಣ್ಣೆ ಥರದ ದ್ರಾವಕ ಇರತ್ತೆ, ಅದು ತೆಳ್ಳಗಿದ್ದು ಸುಲಭವಾಗಿ ಹರಡತ್ತೆ, ವಾಂತಿ ಆಗುವಾಗ ಸ್ವಲ್ಪವೇ ಶ್ವಾಸನಾಳಕ್ಕೆ ಹೋದ್ರೂ ಶ್ವಾಸಕೋಶ ಸುಟ್ಟ ಹಾಗೆ ಊದಿಕೊಳ್ಳತ್ತೆ. ಸೀಮೆಎಣ್ಣೆ ಕುಡಿದ ಮಕ್ಕಳ ವಿಷಯದಲ್ಲಂತೂ ಹೊಟ್ಟೆಗೆ ಹೋಗಿದ್ದಕ್ಕಿಂತ ಎದೆಗೆ ಹೋಗಿದ್ದೇ ಕೊಲ್ಲೋದು. ಉಪ್ಪುನೀರು ಇನ್ನೊಂದು ಕಥೆ, ಗಟ್ಟಿ ಉಪ್ಪುನೀರು ಹೊಟ್ಟೇಲೇ ಉಳ್ಕೊಂಡ್ರೆ ರಕ್ತದಲ್ಲಿ ಸೋಡಿಯಂ ಏರಿ ಮಿದುಳಿಗೆ ಪೆಟ್ಟು ಬೀಳತ್ತೆ, ವಿಷಕ್ಕಲ್ಲದೆ ಉಪ್ಪಿಗೇ ಸತ್ತವರ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಇವೆ. ವಾಂತಿ ಮಾಡಿಸೋಕೆ ಅಂತಲೇ ಇದ್ದ ಇಪೆಕಾಕ್ ಸಿರಪ್ಪನ್ನ ಮನೇಲಿ ಇಟ್ಕೋಬೇಡಿ ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘ 2003ರಲ್ಲೇ ಹೇಳಿದೆ.

ತಾಲ್ಲೂಕು ಆಸ್ಪತ್ರೆಗೆ ಹೋಗೋ ದಾರೀಲೇ ಹುಡುಗನ ಬಾಯಿಂದ ಜೊಲ್ಲು ಸುರಿಯೋಕೆ ಶುರುವಾಯ್ತು, ಮೈಯೆಲ್ಲ ಬೆವರು, ಚಡ್ಡಿ ಒದ್ದೆ, ಉಸಿರಾಡಿದ್ರೆ ಗೊರಗೊರ ಅನ್ನೋ ಸದ್ದು. ಡ್ಯೂಟಿ ಡಾಕ್ಟ್ರು ಮೊದಲು ಟಾರ್ಚ್ ಬಿಟ್ಟು ಕಣ್ಣು ನೋಡಿದ್ರು, ಕಣ್ಣಿನ ಪಾಪೆ ಸೂಜಿ ಮೊನೆಯಷ್ಟೇ ಇತ್ತು. ಕಂಕುಳಿಗೆ ಕೈ ಇಟ್ಟು ನೋಡಿದ್ರು, ಎದೆಗೆ ಸ್ಟೆತ್ ಇಟ್ರು, ಆಮೇಲೆ ಕೇಳಿದ್ರು, "ಯಾವ ಔಷಧಿ?" ಚಿಕ್ಕಪ್ಪ "ಗೆದ್ದಲಿಗೆ ಹಾಕೋದು ಸಾ" ಅಂದ್ರು. ಬಾಟ್ಲಿ ಮೇಲೆ ಮಾವಿನಹಣ್ಣಿನ ಚಿತ್ರ. ಡಾಕ್ಟ್ರು ಇನ್ನೊಂದು ಮಾತು ಕೇಳದೆ ಅಟ್ರೋಪಿನ್ ಹಾಕಿ ಅಂತ ಸಿಸ್ಟರ್‌ಗೆ ಹೇಳಿದ್ರು. ರಿಪೋರ್ಟ್ ಇಲ್ಲ, ಹೆಸರು ಗೊತ್ತಿಲ್ಲ, ಮೈ ಹೇಳಿದ್ದನ್ನ ನಂಬಿ ಶುರು ಮಾಡಿದ್ರು.

ಇದನ್ನ ಟಾಕ್ಸಿಡ್ರೋಮ್ ಅಂತಾರೆ. ಒಂದೊಂದು ಜಾತಿ ವಿಷಕ್ಕೆ ಮೈ ಒಂದೊಂದು ಥರ ಸಹಿ ಹಾಕತ್ತೆ. ಆರ್ಗನೋಫಾಸ್ಫರಸ್ ಜಾತಿ ಕೀಟನಾಶಕದ ಸಹಿ ಅಂದ್ರೆ ಚಿಕ್ಕ ಪಾಪೆ, ಎಲ್ಲಾ ಕಡೆಯಿಂದ ನೀರು, ನಿಧಾನ ನಾಡಿ, ಅದುರೋ ಸ್ನಾಯು. ದತ್ತೂರಿ ಕಾಯಿ ತಿಂದವರಲ್ಲಿ ಇದರ ಉಲ್ಟಾ, ಪಾಪೆ ದೊಡ್ಡದು, ಬಾಯಿ ಒಣಗಿದೆ, ಮೈ ಬಿಸಿ, ಏನೇನೋ ಮಾತು.

ಒಳಗೆ ಏನಾಗತ್ತೆ ಅಂತ ನಮ್ಮ ಕಡೆಯವರಿಗೆ ಕೆರೆ ತೂಬಿನ ಲೆಕ್ಕದಲ್ಲಿ ಹೇಳಬಹುದು. ನರದಿಂದ ಸ್ನಾಯುವಿಗೆ, ಗ್ರಂಥಿಗೆ ಸುದ್ದಿ ಮುಟ್ಟಿಸೋದು ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕ, ಅದು ನೀರು ಅಂದ್ಕೊಳ್ಳಿ. ಕೆಲಸ ಮುಗಿದ ಕೂಡಲೇ ತೂಬು ಮುಚ್ಚೋನೊಬ್ಬ ಇದಾನೆ, ಅವನು ಕೋಲಿನೆಸ್ಟರೇಸ್ ಅನ್ನೋ ಕಿಣ್ವ. ಈ ಕೀಟನಾಶಕ ಮಾಡೋದು ಇಷ್ಟೇ, ಆ ನೀರಗಂಟಿಯ ಕೈ ಕಟ್ಟಿಹಾಕತ್ತೆ. ನೀರು ನಿಲ್ಲಲ್ಲ, ಗದ್ದೆ ಮುಳುಗತ್ತೆ, ಶ್ವಾಸಕೋಶದಲ್ಲಿ ಕಫ ತುಂಬಿ ಮನುಷ್ಯ ಒಣನೆಲದಲ್ಲಿ ಮುಳುಗಿದ ಹಾಗೆ ಸಾಯ್ತಾನೆ. ಅಟ್ರೋಪಿನ್ ಗದ್ದೆ ಬಾಯಿಗೆ ಮಣ್ಣು ಹಾಕಿ ನೀರು ತಡೆಯತ್ತೆ, ನೀರಗಂಟಿಯನ್ನ ಬಿಡಿಸಲ್ಲ. ಬಿಡಿಸೋಕೆ ಇರೋದು ಪ್ರಾಲಿಡಾಕ್ಸಿಮ್, ಆಸ್ಪತ್ರೆ ಭಾಷೇಲಿ ಪ್ಯಾಮ್.

ಅಟ್ರೋಪಿನ್ ಹಳೇ ಔಷಧಿ, ಅಗ್ಗ, ಎಲ್ಲಾ ಕಡೆ ಸಿಗತ್ತೆ, ಇದರಲ್ಲಿ ಸಂಶೋಧನೆ ಮಾಡೋಕೇನಿದೆ ಅನ್ಸತ್ತೆ. ಆದ್ರೆ ನನಗೆ ಓದುವಾಗ ಎಲ್ಲಕ್ಕಿಂತ ಜಾಸ್ತಿ ತಟ್ಟಿದ್ದು ಇದೇ. ಬಾಂಗ್ಲಾದೇಶದ ಚಿತ್ತಗಾಂಗ್‌ನಲ್ಲಿ 156 ರೋಗಿಗಳ ಮೇಲೆ ಒಂದು ಟ್ರಯಲ್ ಮಾಡಿದ್ರು, 2012ರಲ್ಲಿ ಪ್ರಕಟ ಆಯ್ತು. ಅರ್ಧ ಜನಕ್ಕೆ ಹಳೇ ಪದ್ಧತಿ, ಒಂದೇ ಅಳತೆ ಅಟ್ರೋಪಿನ್ ಆಗಾಗ ಚುಚ್ಚೋದು. ಉಳಿದ ಅರ್ಧಕ್ಕೆ ಐದೈದು ನಿಮಿಷಕ್ಕೆ ನೋಡೋದು, ಎದೆ ಕ್ಲಿಯರ್ ಆಗಿಲ್ಲ ಅಂದ್ರೆ ಹಿಂದಿನ ಡೋಸ್ ಡಬಲ್ ಮಾಡೋದು, ಕ್ಲಿಯರ್ ಆದ್ಮೇಲೆ ಡ್ರಿಪ್‌ನಲ್ಲಿ ನಿಧಾನಕ್ಕೆ ಬಿಡೋದು. ಹಳೇ ಪದ್ಧತೀಲಿ 22.5% ಜನ ಸತ್ರು, ಹೊಸದ್ರಲ್ಲಿ 8%. ಮೈ ಪೂರ್ತಿ ಹಿಡಿತಕ್ಕೆ ಬರೋಕೆ ಹಳೇದ್ರಲ್ಲಿ ಸರಾಸರಿ ಎರಡೂವರೆ ಗಂಟೆ, ಹೊಸದ್ರಲ್ಲಿ 24 ನಿಮಿಷ. ಅದೇ ಔಷಧಿ, ಹೊಸ ಮಿಷಿನ್ ಒಂದೂ ಇಲ್ಲ, ಬದಲಾಗಿದ್ದು ಕೊಡೋ ರೀತಿ, ಮತ್ತೆ ಪಕ್ಕದಲ್ಲೇ ನಿಂತು ಎದೆ ಕೇಳೋ ಒಬ್ಬ ಮನುಷ್ಯ. ನಮ್ಮ ಹುಡುಗನ ಮಂಚದ ಪಕ್ಕ ಕಿಡ್ನಿ ಟ್ರೇಲಿ ಒಡೆದ ಆಂಪ್ಯೂಲ್‌ಗಳು ರಾಶಿ ಬಿದ್ದಿದ್ದು ನೋಡಿ ನಾನು ಇಷ್ಟೊಂದು ಇಂಜೆಕ್ಷನ್ ಕೊಡ್ತಾ ಇದಾರಲ್ಲ ಅಂತ ಹೆದರಿದ್ದೆ, ಈಗ ಅರ್ಥ ಆಗತ್ತೆ ಆ ರಾಶಿಯೇ ಅವನನ್ನ ಉಳಿಸಿದ್ದು ಅಂತ.

ಅಷ್ಟರಲ್ಲಿ ಚಿಕ್ಕಪ್ಪ ಹೊರಗೆ ನಿಂತು ಗೊಬ್ಬರದ ಅಂಗಡಿಗೆ ಫೋನ್ ಮಾಡ್ತಾ ಇದ್ರು, ಅಂಗಡಿಯವನು ಪುಸ್ತಕ ತಿರುಗಿಸಿ ನೋಡಿ "ನಿಮಗೆ ಕ್ಲೋರೋ ಕೊಟ್ಟಿದ್ದು ಗೌಡ್ರೆ" ಅಂದ. ಕ್ಲೋರೋ ಅಂದ್ರೆ ಕ್ಲೋರ್‌ಪೈರಿಫಾಸ್. ಡಾಕ್ಟ್ರ ಮುಖ ಸ್ವಲ್ಪ ಸಡಿಲ ಆಯ್ತು. ಜಾತಿ ಗೊತ್ತಾದ್ಮೇಲೆ ಹೆಸರು ಯಾಕೆ ಬೇಕಿತ್ತು ಅಂತ ಆವತ್ತು ನನಗೆ ಹೊಳೀಲಿಲ್ಲ.

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಶ್ರೀಲಂಕಾದಲ್ಲಿ. ಅಲ್ಲಿ ಮೈಕಲ್ ಎಡಲ್‌ಸ್ಟನ್ ಮತ್ತವರ ಜೊತೆಯ ವೈದ್ಯರು ಆರ್ಗನೋಫಾಸ್ಫರಸ್ ಕುಡಿದ 802 ರೋಗಿಗಳನ್ನ ಬೇರೆ ಬೇರೆ ಹೆಸರಿನ ಲೆಕ್ಕದಲ್ಲಿ ನೋಡಿದ್ರು, 2005ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂತು. ಕ್ಲೋರ್‌ಪೈರಿಫಾಸ್ ಕುಡಿದವರಲ್ಲಿ 8% ಸಾವು, ಫೆಂಥಿಯಾನ್‌ನಲ್ಲಿ 16.2%, ಡೈಮೆಥೋಯೇಟ್‌ನಲ್ಲಿ 23.1%. ಮೂರೂ ಒಂದೇ ಜಾತಿ, ಮೂರಕ್ಕೂ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟಿರೋ ಅಪಾಯದ ದರ್ಜೆ ಕೂಡ ಒಂದೇ, ಯಾಕಂದ್ರೆ ಆ ದರ್ಜೆ ಮುಖ್ಯವಾಗಿ ಇಲಿಗಳ ಮೇಲೆ ಮಾಡಿದ ಪರೀಕ್ಷೆಯಿಂದ ಬಂದಿದ್ದು. ಇಲಿಗೆ ಒಂದೇ ಥರ ಕಂಡಿದ್ದು ಮನುಷ್ಯನಿಗೆ ಮೂರು ಪಟ್ಟು ವ್ಯತ್ಯಾಸ. ಡಬ್ಬಿ ಮೇಲಿನ ತ್ರಿಕೋನದ ಬಣ್ಣ ನೋಡಿ ಇದು ಅಷ್ಟು ಸ್ಟ್ರಾಂಗ್ ಅಲ್ಲ ಬಿಡು ಅನ್ನೋರು ಇದನ್ನ ತಿಳ್ಕೋಬೇಕು.

ಸಮಯದ ಲೆಕ್ಕವೂ ಹೆಸರಿನ ಜೊತೇನೇ ಬರತ್ತೆ. ಕಟ್ಟಿದ ಕೈ ಸ್ವಲ್ಪ ಹೊತ್ತಾದ್ಮೇಲೆ ಬಿಡಿಸೋಕೆ ಆಗದ ಹಾಗೆ ಗಂಟು ಬೀಳತ್ತೆ, ಅದಕ್ಕೆ ಏಜಿಂಗ್ ಅಂತಾರೆ, ಅಂಥ ಗಂಟಿಗೆ ಪ್ಯಾಮ್ ಏನೂ ಮಾಡಲ್ಲ. ಡೈಮೆಥೋಯೇಟ್, ಮೊನೊಕ್ರೊಟೊಫಾಸ್ ಗುಂಪಿನಲ್ಲಿ ಸುಮಾರು 3.7 ಗಂಟೆಗೆ ಅರ್ಧದಷ್ಟು ಕಿಣ್ವ ಹೀಗೆ ಕೈಬಿಟ್ಟು ಹೋಗತ್ತೆ, ಕ್ಲೋರ್‌ಪೈರಿಫಾಸ್ ಗುಂಪಿನಲ್ಲಿ ಸುಮಾರು 33 ಗಂಟೆ. ಹಳ್ಳಿಯಿಂದ ಹೊರಟು ತಾಲ್ಲೂಕು, ಅಲ್ಲಿಂದ ಜಿಲ್ಲಾಸ್ಪತ್ರೆ ಅಂತ ಸುತ್ತುವಷ್ಟರಲ್ಲಿ ನಾಲ್ಕು ಗಂಟೆ ಆರಾಮಾಗಿ ಹೋಗತ್ತೆ.

ಪ್ಯಾಮ್ ಬಗ್ಗೆ ಮಾತ್ರ ಜಗಳ ಇನ್ನೂ ಮುಗಿದಿಲ್ಲ. ಮಹಾರಾಷ್ಟ್ರದ ಬಾರಾಮತಿಯ ವೈದ್ಯರು 200 ರೋಗಿಗಳಲ್ಲಿ ಗಂಟೆಗೆ 1 ಗ್ರಾಂನಂತೆ ಎರಡು ದಿನ ಸತತ ಕೊಟ್ಟು ನೋಡಿದ್ರು, ಬಿಟ್ಟು ಬಿಟ್ಟು ಕೊಟ್ಟ ಗುಂಪಲ್ಲಿ 8% ಸಾವು ಆದ್ರೆ ಇದರಲ್ಲಿ 1%, ಅದು 2006. ಎಲ್ಲರಿಗೂ ಖುಷಿ ಆಯ್ತು. 2009ರಲ್ಲಿ ಶ್ರೀಲಂಕಾದಿಂದ 235 ರೋಗಿಗಳ ಟ್ರಯಲ್ ಬಂತು, ಅದರಲ್ಲಿ ಪ್ಯಾಮ್ ಕೊಟ್ಟವರಲ್ಲಿ 24.8% ಸಾವು, ಕೊಡದೆ ಇದ್ದವರಲ್ಲಿ 15.8%. ರೋಗಿಗಳು ಬೇರೆ, ಕುಡಿದ ವಿಷ ಬೇರೆ, ಬಂದ ಹೊತ್ತು ಬೇರೆ, ಹಾಗಾಗಿ ಇದೇ ಸರಿ ಅಂತ ಒಂದು ಕಡೆ ನಿಲ್ಲೋಕಾಗಲ್ಲ. ನನಗೆ ಸಂಕಟ ಆಗೋದು ಎಲ್ಲಿ ಅಂದ್ರೆ, ಪ್ಯಾಮ್ ಹೊರಗಡೆಯಿಂದ ತರಬೇಕು ಅಂದಾಗ ಒಡವೆ ಅಡ ಇಟ್ಟು ತರೋ ಮನೆಗಳಿವೆ, ಅವರಿಗೆ ಯಾರಾದ್ರೂ ಕೂತು, ನೋಡಿ ಅಟ್ರೋಪಿನ್, ಆಕ್ಸಿಜನ್, ವೆಂಟಿಲೇಟರ್ ಇವು ಜೀವ ಹಿಡಿದಿಟ್ಟಿರೋದು, ಪ್ಯಾಮ್ ಕೆಲಸ ಮಾಡಬಹುದು ಮಾಡದೇ ಇರಬಹುದು ಅಂತ ಬಿಡಿಸಿ ಹೇಳಬೇಕು.

ಹೊಟ್ಟೆ ತೊಳೆಯೋದರ ಬಗ್ಗೆಯೂ ಹಾಗೇ. ನಮ್ಮಲ್ಲಿ ಪೈಪ್ ಹಾಕಿ ತೊಳೆದ್ರೇನೇ ಚಿಕಿತ್ಸೆ ಅಂತ ನಂಬಿಕೆ, ತೊಳೀದೆ ಇದ್ರೆ ಡಾಕ್ಟ್ರ ಮೇಲೇ ಜಗಳಕ್ಕೆ ಹೋಗ್ತಾರೆ. ಅಮೆರಿಕ ಮತ್ತು ಯುರೋಪಿನ ವಿಷಶಾಸ್ತ್ರ ಸಂಘಗಳು ಇದನ್ನ ಮಾಮೂಲಿ ಚಿಕಿತ್ಸೆಯಾಗಿ ಮಾಡಬೇಡಿ ಅಂತ 1997ರಿಂದಲೇ ಹೇಳ್ತಾ ಬಂದಿವೆ. ವಿಷ ಹೀರ್ಕೊಳ್ಳಲಿ ಅಂತ ಪದೇ ಪದೇ ಇದ್ದಿಲಿನ ಪುಡಿ ಕುಡಿಸೋದು ಕೂಡ 4,632 ರೋಗಿಗಳ ಶ್ರೀಲಂಕಾ ಟ್ರಯಲ್‌ನಲ್ಲಿ ಸಾವು ಕಮ್ಮಿ ಮಾಡಲಿಲ್ಲ.

ಎರಡನೇ ದಿನ ಹುಡುಗ ಗಾಳೀಲಿ ಏನೋ ಕೀಳೋಕೆ ಶುರು ಮಾಡಿದ. ಬೆಡ್‌ಶೀಟಿನಿಂದ ದಾರ ಎಳೆದ ಹಾಗೆ, ಸೊಳ್ಳೆ ಹಿಡಿದ ಹಾಗೆ, ಯಾರನ್ನೋ ಕರೆದ ಹಾಗೆ, ಮುಖ ಕೆಂಪು, ಮೈ ಸುಡ್ತಾ ಇತ್ತು. ಚಿಕ್ಕಮ್ಮ ಗಾಳಿ ಸೋಕಿದೆ ಅಂತ ಅಳೋಕೆ ಶುರು ಮಾಡಿದ್ರು, ಯಂತ್ರ ಕಟ್ಟಿಸೋಕೆ ಯಾರನ್ನ ಕರೆಸೋದು ಅಂತ ಮಾತೂ ಆಯ್ತು. ಸಿಸ್ಟರ್ ಬಂದು ಚಿಕ್ಕಮ್ಮನ ಭುಜದ ಮೇಲೆ ಕೈ ಇಟ್ಟು "ಇದು ಔಷಧಿ ಜಾಸ್ತಿ ಆಗಿರೋದು ಅಮ್ಮ, ಕಮ್ಮಿ ಮಾಡ್ತೀವಿ, ಸರಿ ಹೋಗತ್ತೆ" ಅಂದು ಡ್ರಿಪ್ ನಿಲ್ಸಿ ಡಾಕ್ಟ್ರನ್ನ ಕರೆದ್ರು. ಅಟ್ರೋಪಿನ್ ಅತಿಯಾದ್ರೆ ದತ್ತೂರಿ ತಿಂದವರ ಥರಾನೇ ಆಗತ್ತೆ, ಎರಡೂ ಒಂದೇ ಬಳಗದ ರಾಸಾಯನಿಕ. ಸಂಜೆ ಹೊತ್ತಿಗೆ ನೀರು ಕೇಳಿದ.

ಆಮೇಲೂ ಮೂರು ದಿನ ಕಣ್ಣಿಟ್ಟು ಕಾಯೋದು ಬಿಡಲಿಲ್ಲ. ಪ್ರತಿ ಶಿಫ್ಟಿನವರೂ ಬಂದು "ಪುಟ್ಟ, ತಲೆ ಎತ್ತು ನೋಡೋಣ" ಅಂತಿದ್ರು, ಅವನು ದಿಂಬಿಂದ ತಲೆ ಎತ್ತಿ ತೋರಿಸ್ತಿದ್ದ. ನನಗೆ ಅದು ಮಗುವನ್ನ ಆಡಿಸೋದು ಅನ್ಸಿತ್ತು. ಅದರ ಹಿಂದೆ ಇರೋದು ದೊಡ್ಡ ಸಂಶೋಧನೆ. ಪುಣೆಯ ಡಾ. ವಾಡಿಯಾ ಮತ್ತವರ ತಂಡ 1974ರಲ್ಲಿ, ಆಮೇಲೆ ಶ್ರೀಲಂಕಾದ ಸೇನಾನಾಯಕೆ ಮತ್ತು ಕರಾಲಿಯೆದ್ದೆ 1987ರಲ್ಲಿ ಬರೆದಿದ್ದು ಏನಂದ್ರೆ, ಮೊದಲ ದಿನದ ಗಂಡಾಂತರ ದಾಟಿ ಹುಷಾರಾದ ಹಾಗೆ ಕಂಡವರಲ್ಲಿ ಕೆಲವರು ಒಂದರಿಂದ ನಾಲ್ಕು ದಿನದೊಳಗೆ ಇದ್ದಕ್ಕಿದ್ದ ಹಾಗೆ ಉಸಿರು ನಿಂತು ಹೋಗ್ತಾರೆ, ಆ ಸೂಚನೆ ಮೊದಲು ಕಾಣಿಸೋದು ಕುತ್ತಿಗೆಯಲ್ಲಿ, ತಲೆ ಎತ್ತೋಕಾಗಲ್ಲ, ಆಮೇಲೆ ಉಸಿರಾಟದ ಸ್ನಾಯು. ಅಟ್ರೋಪಿನ್ ಇದಕ್ಕೆ ನಾಟಲ್ಲ, ವೆಂಟಿಲೇಟರೇ ಬೇಕು. ಹುಷಾರಾದ ಅಂತ ಮೂರನೇ ದಿನಕ್ಕೆ ಹಠ ಮಾಡಿ ಡಿಸ್ಚಾರ್ಜ್ ಮಾಡಿಸ್ಕೊಂಡು ಹೋಗೋರಿದಾರಲ್ಲ, ಅವರಿಗೆ ಇದನ್ನ ಯಾರಾದ್ರೂ ಹೇಳಬೇಕು.

ಲ್ಯಾಬ್ ಯಾಕೆ ಇದನ್ನೆಲ್ಲ ಹೇಳಲ್ಲ ಅಂತ ಕೇಳಬಹುದು. ಕೋಲಿನೆಸ್ಟರೇಸ್ ಟೆಸ್ಟ್ ಇದೆ, ಆದ್ರೆ ರಕ್ತದಲ್ಲಿ ಸಾಮಾನ್ಯವಾಗಿ ಅಳೆಯೋ ಕಿಣ್ವ ಕಮ್ಮಿ ಆಗಿದೆ ಅಂದ ಮಾತ್ರಕ್ಕೆ ರೋಗಿ ಎಷ್ಟು ಸೀರಿಯಸ್ ಅಂತ ಹೇಳೋಕಾಗಲ್ಲ, ಅದು ಯಾವ ಕೀಟನಾಶಕ ಅನ್ನೋದರ ಮೇಲೆ ಬದಲಾಗತ್ತೆ, ಮತ್ತೆ ಅದೇ "ಯಾವ". ಇನ್ನು ಹೊಟ್ಟೆಯ ನೀರನ್ನ ಸೀಲ್ ಮಾಡಿ ಎಫ್‌ಎಸ್‌ಎಲ್‌ಗೆ, ಅಂದ್ರೆ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸೋದು ಪೊಲೀಸ್ ಕೇಸಿಗೆ, ರಿಪೋರ್ಟ್ ಬರುವಷ್ಟರಲ್ಲಿ ರೋಗಿ ಒಂದೋ ಮನೇಲಿರ್ತಾನೆ ಇಲ್ಲಾ ಮಣ್ಣಲ್ಲಿರ್ತಾನೆ. ಇದರ ಜೊತೆ ಎಂಎಲ್‌ಸಿ, ಅಂದ್ರೆ ಆಸ್ಪತ್ರೆಯಿಂದ ಪೊಲೀಸರಿಗೆ ಹೋಗೋ ಕೇಸಿನ ಭಯ, ಪೊಲೀಸ್ ಬರ್ತಾರೆ ಅಂತ ಮನೆಯವರು ನಿಜ ಹೇಳೋಕೆ ಹಿಂಜರೀತಾರೆ, ಏನೋ ತಿಂದಿದೆ ಗೊತ್ತಿಲ್ಲ ಅಂದುಬಿಡ್ತಾರೆ. 2018ರ ಡಿಸೆಂಬರ್‌ನಲ್ಲಿ ಸುಳ್ವಾಡಿ ಮಾರಮ್ಮನ ಗುಡಿ ಪ್ರಸಾದ ತಿಂದು 17 ಜನ ಸತ್ತಾಗ, ಅದು ಆಕಸ್ಮಿಕ ಅಲ್ಲ, ಬೇಕಂತಲೇ ಬೆರೆಸಿದ ಆರೋಪದ ಕೇಸು, ಆದ್ರೆ ನೂರಕ್ಕೂ ಹೆಚ್ಚು ಜನ ಮೈಸೂರಿನ ಆಸ್ಪತ್ರೆಗಳಿಗೆ ಬಂದಿಳಿಯುವಾಗ ಕೀಟನಾಶಕದ ಹೆಸರು ಯಾರ ಕೈಯಲ್ಲೂ ಇರಲಿಲ್ಲ. ಬಿಹಾರದ ಗಂಡಾಮನ್ ಶಾಲೆಯದ್ದು ಇನ್ನೂ ನಮ್ಮನೆ ಕಥೆಗೆ ಹತ್ತಿರ, 2013ರ ಜುಲೈನಲ್ಲಿ ಬಿಸಿಯೂಟ ತಿಂದ 23 ಮಕ್ಕಳು ಸತ್ರು, ಅಡುಗೆ ಎಣ್ಣೇಲಿ ಮೊನೊಕ್ರೊಟೊಫಾಸ್ ಇತ್ತು. ಅದನ್ನ ನಿಲ್ಲಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಭಾರತಕ್ಕೆ ಹೇಳಿದ್ದು 2009ರಲ್ಲಿ, ಶ್ರೀಲಂಕಾ 1995ರಲ್ಲೇ ನಿಲ್ಲಿಸಿತ್ತು, ನಮ್ಮಲ್ಲಿ ನಿಷೇಧದ ಆದೇಶ ಬಂದಿದ್ದು 2023ರಲ್ಲಿ. ಇಷ್ಟು ವರ್ಷ ಯಾಕೆ ಬೇಕಾಯ್ತು ಅಂತ ನನಗೆ ಈಗಲೂ ಹೊಟ್ಟೆ ಉರಿಯತ್ತೆ.

ಕೆಲವು ವಿಷಗಳಿಗೆ ಮಾತ್ರ ಅಲ್ಲೇ ನಿಂತು ಮಾಡೋ ಟೆಸ್ಟ್ ಇದೆ. ಕಳೆಗೆ ಹೊಡೆಯೋ ಪ್ಯಾರಾಕ್ವಾಟ್ ಕುಡಿದವರ ಮೂತ್ರಕ್ಕೆ ಸ್ವಲ್ಪ ಅಡುಗೆ ಸೋಡ, ಸ್ವಲ್ಪ ಸೋಡಿಯಂ ಡೈಥಿಯೋನೈಟ್ ಪುಡಿ ಹಾಕಿದ್ರೆ ನೀಲಿ ಆಗತ್ತೆ, ಎಷ್ಟು ಗಾಢ ನೀಲಿಯೋ ಅಷ್ಟು ಕೆಟ್ಟ ಸುದ್ದಿ. ಇದು ಗೊತ್ತಾಗಲೇಬೇಕು ಯಾಕಂದ್ರೆ ಬೇರೆ ಎಷ್ಟೋ ವಿಷದಲ್ಲಿ ಜೀವ ಉಳಿಸೋ ಆಕ್ಸಿಜನ್ ಇದರಲ್ಲಿ ಶ್ವಾಸಕೋಶವನ್ನ ಇನ್ನೂ ಹಾಳು ಮಾಡತ್ತೆ, ತೀರಾ ಬೇಕಾಗೋ ತನಕ ಕೊಡಬಾರದು. "ಹುಲ್ಲಿಗೆ ಹೊಡೆಯೋದು" ಅನ್ನೋ ಎರಡು ಪದ ಸರಿಯಾಗಿ ಹೇಳಿದ್ರೆ ಡಾಕ್ಟ್ರ ಯೋಚನೆ ಪೂರ್ತಿ ದಿಕ್ಕು ಬದಲಾಯಿಸತ್ತೆ. ಇಲಿ ಪೇಸ್ಟ್ ಇನ್ನೂ ಮೋಸದ್ದು. ಹಳದಿ ರಂಜಕ ಇರೋ ಟ್ಯೂಬು, ಟೂತ್‌ಪೇಸ್ಟ್ ಅಂತ ಮಕ್ಕಳು ಹಲ್ಲಿಗೆ ಹಚ್ಕೊಳ್ಳೋದುಂಟು. ಮೊದಲ ದಿನ ವಾಂತಿ ಹೊಟ್ಟೆನೋವು, ಆಮೇಲೆ ಒಂದೆರಡು ದಿನ ಏನೂ ಇಲ್ಲ, ಮಗು ನಗ್ತಾ ಇರತ್ತೆ, ಅಪ್ಪ ಅಮ್ಮ ದೇವರಿಗೆ ಕೈ ಮುಗಿದು ಮನೆಗೆ ಕರ್ಕೊಂಡು ಹೋಗ್ತಾರೆ, ಅಲ್ಲಿಂದ ಲಿವರ್ ಕುಸಿಯೋಕೆ ಶುರು. ಇದಕ್ಕೆ ಪ್ರತಿವಿಷ ಇಲ್ಲ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯವರು ರಕ್ತದ ದ್ರವಭಾಗವಾದ ಪ್ಲಾಸ್ಮಾ ಬದಲಿಸೋ ಚಿಕಿತ್ಸೆ ಮಾಡಿ ನೋಡ್ತಾ ಇದಾರೆ, ಅದಕ್ಕೂ ರೋಗಿ ಬೇಗ ಕೈಗೆ ಸಿಗಬೇಕು.

ಕುಡಿಸಿದ್ದು ಔಷಧಿಯೇ ಆಗಿದ್ದು ಒಳಗೆ ವಿಷ ಇದ್ರೆ? 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಆಗಿದ್ದು ಅದೇ. ಕೆಮ್ಮು ಅಂತ ಕೋಲ್ಡ್ರಿಫ್ ಸಿರಪ್ ಕುಡಿದ 20ಕ್ಕೂ ಹೆಚ್ಚು ಮಕ್ಕಳು ಕಿಡ್ನಿ ನಿಂತು ಸತ್ರು. ಮೊದಲು ಸೋಂಕು ಹುಡುಕಿದ್ರು, ನೀರು ಟೆಸ್ಟ್ ಮಾಡಿದ್ರು, ಯಾಕಂದ್ರೆ ಜ್ವರ ಬಂದ ಮಗುವಿಗೆ ಮೂತ್ರ ನಿಂತ್ರೆ ಯಾರಿಗೂ ಬಾಟ್ಲಿ ಮೇಲೆ ಅನುಮಾನ ಬರಲ್ಲ. ತಮಿಳುನಾಡಿನ ಔಷಧ ನಿಯಂತ್ರಣದವರು ಆ ಬ್ಯಾಚ್ ಪರೀಕ್ಷೆ ಮಾಡಿದಾಗ ಡೈಎಥಿಲೀನ್ ಗ್ಲೈಕಾಲ್ 48.6% ಇತ್ತು, ಇರಬಹುದಾದ ಮಿತಿ 0.1%. ಅದು ಮೈಯಲ್ಲಿ ಒಡೆದು ಡೈಗ್ಲೈಕಾಲಿಕ್ ಆಸಿಡ್ ಆಗತ್ತೆ, ಕಿಡ್ನಿಯ ಸಣ್ಣ ನಾಳಗಳನ್ನ ಸಾಯಿಸೋದು ಅದು. ಒಡೆಯೋಕೆ ಮುಂಚೆ ತಡೆಯೋ ಫೋಮೆಪಿಜೋಲ್ ಅನ್ನೋ ಔಷಧಿ ಇದೆ, ಆದ್ರೆ ಯಾವ ವಿಷ ಅಂತ ಹೊಳೆಯೋ ಹೊತ್ತಿಗೆ ಮಗು ಡಯಾಲಿಸಿಸ್ ಮೇಲಿರತ್ತೆ. ಇದೇ ವಿಷ 1986ರಲ್ಲಿ ಮುಂಬೈಯಲ್ಲಿ, 1998ರಲ್ಲಿ ಗುರುಗ್ರಾಮದಲ್ಲಿ, 2020ರ ಹೊತ್ತಿಗೆ ಜಮ್ಮುವಿನ ರಾಮನಗರದಲ್ಲಿ, 2022ರಲ್ಲಿ ಗ್ಯಾಂಬಿಯಾದಲ್ಲಿ ಕೊಂದಿದೆ. ಹೆಚ್ಚಿನ ಸಲ ಒಂದೇ ಕಡೆಯ ನಾಲ್ಕೈದು ಜನಕ್ಕೆ ಕಿಡ್ನಿ ನಿಂತಾಗ ಯಾರೋ ಒಬ್ರು ಕೂತು, ಇವರೆಲ್ಲ ಏನು ಕುಡಿದಿದ್ರು ಅಂತ ಕೇಳಿದ ಮೇಲೇ ಬೆಳಕಿಗೆ ಬಂದಿದ್ದು.

ಹಾಗಾಗಿ ಮನೇಲಿ ಹೀಗಾದ್ರೆ ವಾಂತಿ ಮಾಡಿಸಬೇಡಿ, ಮೈಮೇಲೆ ಚೆಲ್ಲಿದ್ರೆ ಬಟ್ಟೆ ತೆಗೆದು ಸೋಪು ಹಾಕಿ ತೊಳೀರಿ ಯಾಕಂದ್ರೆ ಚರ್ಮದಿಂದಲೂ ಇಳಿಯತ್ತೆ, ಮಗುವನ್ನ ಒಂದು ಮಗ್ಗುಲಿಗೆ ಮಲಗಿಸ್ಕೊಂಡು ಹೊರಡಿ, 108ಕ್ಕೆ ಫೋನ್ ಮಾಡಿ. ಹೊರಡುವಾಗ ಡಬ್ಬಿ, ಟ್ಯೂಬು, ಮಾತ್ರೆ ಸ್ಟ್ರಿಪ್ಪು, ಕಚ್ಚಿಬಿಟ್ಟ ಕಾಯಿ, ಏನಿದ್ರೂ ಚೀಲಕ್ಕೆ ಹಾಕ್ಕೊಳ್ಳಿ. ಆಗದಿದ್ರೆ ಫೋಟೋ, ಬ್ರ್ಯಾಂಡ್ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇರತ್ತಲ್ಲ ರಾಸಾಯನಿಕದ ಹೆಸರು, ಅದು ಕಾಣೋ ಹಾಗೆ. ದೆಹಲಿಯ ಏಮ್ಸ್‌ನಲ್ಲಿ 1995ರಿಂದ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ಇದೆ, 24 ಗಂಟೆ, ಟೋಲ್ ಫ್ರೀ ನಂಬರ್ 1800 116 117, ಹಳ್ಳಿ ಆಸ್ಪತ್ರೆಯ ಡಾಕ್ಟ್ರೂ ಕೇಳಬಹುದು ಮನೆಯವರೂ ಕೇಳಬಹುದು. ನಮ್ಮ ಸರ್ಕಾರ 2024ರಲ್ಲಿ ಹಾವು ಕಡಿತವನ್ನ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಅಂತ ಘೋಷಿಸ್ತು, ದೇಶದಲ್ಲೇ ಮೊದಲು, ಒಳ್ಳೇ ಕೆಲಸ. ಕೀಟನಾಶಕಕ್ಕೂ ಅದೇ ಥರ ಲೆಕ್ಕ ಬೇಕು, ಯಾವ ತಾಲ್ಲೂಕಲ್ಲಿ ಯಾವ ಹೆಸರಿನ ವಿಷ ಎಷ್ಟು ಜನರನ್ನ ಆಸ್ಪತ್ರೆಗೆ ತರ್ತಾ ಇದೆ ಅಂತ ಗೊತ್ತಿದ್ರೆ ಶ್ರೀಲಂಕಾದವರು ಮಾಡಿದ ಹಾಗೆ ಕೊಲ್ಲೋದನ್ನ ಮೊದಲು ಅಂಗಡಿಯಿಂದ ತೆಗೀಬಹುದು.

ಒಂಬತ್ತನೇ ದಿನ ಡಿಸ್ಚಾರ್ಜ್ ಆಯ್ತು. ಹೊರಡುವಾಗ ಸಿಸ್ಟರ್ ನನ್ನ ಕರೆದು "ಅಣ್ಣ, ಆ ಕ್ಲೋರೋ ಡಬ್ಬಿ ಫೋಟೋ ನನಗೊಂದು ವಾಟ್ಸಾಪ್ ಮಾಡಿ" ಅಂದ್ರು. ಫೋನ್ ತೆಗೆದು ತೋರಿಸಿದ್ರು, ಗ್ಯಾಲರೀಲಿ ಒಂದು ಆಲ್ಬಂ ತುಂಬ ಡಬ್ಬಿಗಳು, ಟ್ಯೂಬುಗಳು, ಮುಂದೆ ಒಂದು ಫೋಟೋ ಹಿಂದೆ ಒಂದು ಫೋಟೋ. ಹೆಸರು ಗೊತ್ತಿಲ್ಲದೆ ಬಂದವರಿಗೆ ಇದನ್ನ ತೋರಿಸ್ತಾರಂತೆ, ಇದಾ, ಇದಾ, ಈ ಕಲರ್ ಮುಚ್ಚಳದ್ದಾ ಅಂತ. ಓದೋಕೆ ಬರದವರೂ ಬೆರಳಿಟ್ಟು ತೋರಿಸಿಬಿಡ್ತಾರಂತೆ. "ನಿಮ್ಮೂರ ಕಡೆ ಅಂಗಡೀದು ನನ್ನತ್ರ ಇಲ್ಲ" ಅಂದ್ರು. ಮರುದಿನ ಬೆಳಿಗ್ಗೆ ನಾನೂ ಚಿಕ್ಕಪ್ಪನೂ ಗೊಬ್ಬರದ ಅಂಗಡಿಗೆ ಹೋದ್ವಿ, ಅಂಗಡಿಯವನು ಒಂದೊಂದೇ ಡಬ್ಬಿ ಇಳಿಸಿ ಬಿಸಿಲಿಗೆ ತಿರುಗಿಸಿ ಹಿಡಿದ, ಚಿಕ್ಕಪ್ಪ ಧೂಳು ಒರೆಸಿದ್ರು, ನಾನು ಫೋಟೋ ತೆಗೆದು ಒಂದೊಂದಾಗಿ ಕಳಿಸ್ತಾ ಹೋದೆ.